ಮನೆಯಲ್ಲೇ ಕಾರು ನೋಡಿಕೊಳ್ಳಲು ಯಾವ ಸ್ಕ್ಯಾನರ್ ಕೊಳ್ಳಲಿ? ಪುಣೆಯವರು ಹೇಳಿ

ವಾಕಡ್ ವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಹೇಳದಿದ್ದರೆ ಸರಿಯಾದ ಸಲಹೆ ಸಿಗುವುದಿಲ್ಲ.

ನನ್ನದು 2015ರ ಪೆಟ್ರೋಲ್ ಸೆಡಾನ್. ಎರಡು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡಿದ್ದು. ವರ್ಷಕ್ಕೆ ನಾಲ್ಕೈದು ಸಲ ಧಾರವಾಡಕ್ಕೆ ಹೋಗಿ ಬರುತ್ತೇವೆ, ಅಪ್ಪ ಅಮ್ಮ ಅಲ್ಲಿದ್ದಾರೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್ ಇವನ್ನೆಲ್ಲ ಸೊಸೈಟಿ ಪಾರ್ಕಿಂಗ್‌ನಲ್ಲಿ ನಾನೇ ಬದಲಿಸುತ್ತೇನೆ. ಆ ಕೆಲಸ ಅಂದರೆ ನನಗೆ ನಿಜವಾಗಿಯೂ ಇಷ್ಟ.

ಈ ಸಲ ಮಳೆಗಾಲದಲ್ಲಿ ಊರಿಗೆ ಹೊರಟಾಗ ಕರಾಡ್ ದಾಟುವಷ್ಟರಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿತು. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು, ಹೊರಗೆ ಜೋರು ಮಳೆ. ನಿಲ್ಲಿಸಲೋ ಹೋಗಲೋ ಗೊತ್ತಾಗಲಿಲ್ಲ. ಲೈಟ್ ಮಿನುಗುತ್ತಿರಲಿಲ್ಲ, ಸುಮ್ನೆ ಉರಿಯುತ್ತಿತ್ತು. ಹಾಗೇ ನಿಧಾನವಾಗಿ ಹೋದೆವು. ಪುಣೆಗೆ ವಾಪಸ್ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ 700 ರೂಪಾಯಿ ತೆಗೆದುಕೊಂಡು ಸ್ಕ್ಯಾನ್ ಮಾಡಿ ಲೈಟ್ ಆರಿಸಿದರು. ಹತ್ತು ದಿನಕ್ಕೆ ಮತ್ತೆ ಬಂತು. ಆಗ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಬದಲಿಸಿದರು, 4,600 ರೂಪಾಯಿ. ಎರಡು ವಾರಕ್ಕೆ ಮತ್ತೆ ಅದೇ ಲೈಟ್. ಕಾರಿನ ಕಂಪ್ಯೂಟರ್ ತೋರಿಸಿದ ದೋಷದ ಕೋಡ್ ಯಾವುದು ಅಂತ ಎರಡು ಸಲವೂ ಕೇಳಿದೆ. ಹೇಳಲಿಲ್ಲ.

ಅದಕ್ಕೇ ನನ್ನದೇ ಒಂದು ಸ್ಕ್ಯಾನರ್ ಇರಲಿ ಅನ್ನಿಸಿದೆ. ಹುಡುಕಿದರೆ 400 ರೂಪಾಯಿಯಿಂದ 60 ಸಾವಿರದವರೆಗೆ ಕಾಣುತ್ತಿವೆ. ನನ್ನ ಬಜೆಟ್ 5 ಸಾವಿರ. ಫೋನು ಐಫೋನ್. ಮನೆಯಲ್ಲಿ ಇನ್ನೊಂದು ಕಾರಿದೆ, 2021ರ ಡೀಸೆಲ್ ಎಸ್‌ಯುವಿ, ಅದು ಹೆಂಡತಿಯದು. ಎರಡಕ್ಕೂ ಒಂದೇ ಸಾಕಾದರೆ ಒಳ್ಳೆಯದು. ಏನು ಕೊಳ್ಳಲಿ?

ಹಡಪ್ಸರ್ ಹುಡುಗ

ಅಷ್ಟೆಲ್ಲ ಯೋಚನೆ ಬೇಡ. ಕಾರಿನ ಸಾಕೆಟ್‌ಗೆ ಚುಚ್ಚಿ ಫೋನಿಗೆ ಜೋಡಿಸುವ ನೀಲಿ ಬಣ್ಣದ ಚಿಕ್ಕ ಬ್ಲೂಟೂತ್ ಡಾಂಗಲ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಾನು 450 ರೂಪಾಯಿಗೆ ತಂದಿದ್ದು, ಮೂರು ವರ್ಷ ಆಯಿತು. ಟಾರ್ಕ್ ಆಪ್ ಹಾಕಿಕೊಂಡರೆ ಕೋಡ್ ಬರುತ್ತದೆ. ಸಾಕಲ್ವಾ?

ಪೌಡ್ ರಸ್ತೆ

ಐಫೋನ್ ಅಂತ ಹೇಳಿದ್ದಾರೆ. ಆ ಡಾಂಗಲ್‌ನಲ್ಲಿರುವುದು ಹಳೆಯ ಬ್ಲೂಟೂತ್, ಐಫೋನಿನ ಜತೆ ಕೆಲಸ ಮಾಡುವುದಿಲ್ಲ. ಅವರಿಗೆ ವೈಫೈ ಇರುವುದು ಬೇಕು, ಇಲ್ಲವೇ ಬ್ಲೂಟೂತ್ ಲೋ ಎನರ್ಜಿ ಇರುವುದು ಬೇಕು. ಪ್ಯಾಕೆಟ್ ಮೇಲೆ ಬಿಎಲ್‌ಇ ಅಂತ ಬರೆದಿರುತ್ತಾರೆ, 4.0 ಅಂತಲೂ ಬರೆದಿರುತ್ತಾರೆ. ವೈಫೈದು ತಂದರೆ ಇನ್ನೊಂದು ತೊಂದರೆ ಇದೆ. ಫೋನು ಡಾಂಗಲ್‌ನ ವೈಫೈ ಹಿಡಿದುಕೊಂಡಾಗ ಇಂಟರ್ನೆಟ್ ಸಿಗದೆ ಹೋಗುತ್ತದೆ. ಅಲ್ಲೇ ನಿಂತು ಕೋಡ್‌ನ ಅರ್ಥ ಹುಡುಕಲು ಆಗುವುದಿಲ್ಲ. ಹಾಗಾಗಿ ಬಿಎಲ್‌ಇ ಒಳ್ಳೆಯದು.

ಇನ್ನು ಕಾರಿನ ವರ್ಷ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರಿಗೂ ಓಬಿಡಿ 2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡಿ ಕೋಡ್‌ನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾಯಿತು. ನಮ್ಮಲ್ಲಿ ತಡ. ಏಪ್ರಿಲ್ 2010ರಲ್ಲಿ ಬಿಎಸ್4 ಅನ್ನುವ ಹೊಗೆಯ ನಿಯಮ ಮೊದಲು 13 ನಗರಗಳಿಗೆ ಬಂತು. ಮುಂಬೈ, ಪುಣೆ, ಬೆಂಗಳೂರು ಮೂರೂ ಅದರಲ್ಲಿದ್ದವು, ಸೊಲ್ಲಾಪುರವೂ ಇತ್ತು. ಆಗ ಓಬಿಡಿಯ ಮೊದಲ ಹಂತ ಅಷ್ಟೇ. ಬಿಎಸ್4 ಕಾರುಗಳಿಗೆ ಎರಡನೇ ಹಂತ ಬಂದಿದ್ದು ಏಪ್ರಿಲ್ 2013ಕ್ಕೆ. ದೇಶಕ್ಕೆಲ್ಲ ಬಿಎಸ್4 ಆಗಿದ್ದು ಏಪ್ರಿಲ್ 2017, ಬಿಎಸ್6 ಆಗಿದ್ದು ಏಪ್ರಿಲ್ 2020.

ಆದ್ದರಿಂದ ನಿಮ್ಮ 2015ರ ಕಾರು, 2021ರ ಕಾರು ಎರಡಕ್ಕೂ ಚಿಂತೆ ಇಲ್ಲ. 2013ಕ್ಕಿಂತ ಹಳೆಯ ಕಾರು ಇರುವವರು ಹುಷಾರು. 16 ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಒಳಗೆ ಅದೇ ಭಾಷೆ ಇರುತ್ತದೆ ಅಂತ ಹೇಳಲಾಗದು.

ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೆಯೇ ಎಆರ್‌ಎಐ ಇದೆ, 1966ರಲ್ಲಿ ಶುರುವಾದ ಸಂಸ್ಥೆ. ದೇಶದ ಎಷ್ಟೋ ಗಾಡಿಗಳು ಅಲ್ಲಿ ಪರೀಕ್ಷೆಯಾಗಿಯೇ ರಸ್ತೆಗೆ ಬರುತ್ತವೆ. ಬೆಳಿಗ್ಗೆ ವಾಕಿಂಗ್ ಹೋದಾಗಲೆಲ್ಲ ಹೆಮ್ಮೆ ಆಗುತ್ತದೆ.

ವಾಕಡ್ ವಾಸಿ

ಥ್ಯಾಂಕ್ಸ್. ಸಾಕೆಟ್ ಸಿಕ್ಕಿತು. ಸ್ಟಿಯರಿಂಗ್ ಕೆಳಗೆ, ಬಾನೆಟ್ ತೆಗೆಯುವ ಹಿಡಿಕೆಯ ಪಕ್ಕದಲ್ಲೇ ಇದೆ. ಎರಡು ವರ್ಷದಿಂದ ಮೊಣಕಾಲಿಗೆ ತಾಗುತ್ತಿದ್ದ ಮುಚ್ಚಳ ಅದೇ.

ಚಿಂಚವಡ ಸ್ಪ್ಯಾನರ್

ನಾನು ಹದಿನಾಲ್ಕು ವರ್ಷ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. ಈಗ ಬೇರೆ ಉದ್ಯೋಗ, ಆದರೆ ಕೈಗೆ ಗ್ರೀಸ್ ಅಂಟದ ಭಾನುವಾರ ಇಲ್ಲ. ಯಾವ ಸ್ಕ್ಯಾನರ್ ಅಂತ ಕೇಳುವ ಮೊದಲು ನೀವು ಯಾವ ಕೆಲಸ ಮಾಡುತ್ತೀರಿ ಅಂತ ಹೇಳಬೇಕು. ಕೆಲಸ ಗೊತ್ತಾದರೆ ಸಲಕರಣೆ ತಾನಾಗಿ ಗೊತ್ತಾಗುತ್ತದೆ.

ಕೋಡ್ ಓದಬೇಕು, ಅಳಿಸಬೇಕು, ಇಂಜಿನ್ ಓಡುವಾಗ ಒಳಗಿನ ಅಂಕಿ ನೋಡಬೇಕು ಅಂದರೆ ಒಳ್ಳೆಯ ಡಾಂಗಲ್, ಒಳ್ಳೆಯ ಆಪ್ ಸಾಕು. ಎರಡೂವರೆಯಿಂದ ನಾಲ್ಕು ಸಾವಿರದೊಳಗೆ ಆಗುತ್ತದೆ. ಕಾರ್ ಸ್ಕ್ಯಾನರ್, ಓಬಿಡಿ ಫ್ಯೂಷನ್ ಅನ್ನುವ ಆಪ್ ಎರಡೂ ಐಫೋನಿಗೆ ಇವೆ. ಡಾಂಗಲ್‌ನಲ್ಲಿ ವಿಗೇಟ್ ಐಕಾರ್ ಪ್ರೊ ಇಟ್ಟುಕೊಂಡಿದ್ದೇನೆ, ಓಬಿಡಿಲಿಂಕ್ ಬಳಸಿ ನೋಡಿದ್ದೇನೆ. ಓಬಿಡಿಲಿಂಕ್ ಬೆಲೆ ಜಾಸ್ತಿ, ವೇಗವೂ ಜಾಸ್ತಿ.

ಫೋನಿನ ತಲೆನೋವೇ ಬೇಡ ಅನ್ನುವವರಿಗೆ ಕೈಯಲ್ಲಿ ಹಿಡಿಯುವ ಪರದೆ ಇರುವ ರೀಡರ್ ಇವೆ. ಆಟೆಲ್, ಲಾಂಚ್, ಆನ್ಸೆಲ್, ಫಾಕ್ಸ್‌ವೆಲ್ ಎಲ್ಲವೂ ಮಾಡುತ್ತವೆ. ಕಡಿಮೆ ಬೆಲೆಯವು ಇಂಜಿನ್ ಒಂದನ್ನೇ ಓದುತ್ತವೆ. ಎಬಿಎಸ್, ಏರ್‌ಬ್ಯಾಗ್ ಕೂಡ ಓದುವುದು ಬೇಕಾದರೆ ನಿಮ್ಮ ಕಾರಿನ ಕಂಪನಿ, ಮಾಡೆಲ್, ವರ್ಷ ಆ ಯಂತ್ರದ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ. ‘ಎಲ್ಲ ಕಾರಿಗೂ ಆಗುತ್ತದೆ’ ಅಂತ ಅಂಗಡಿಯವರು ಹೇಳುವುದು ಇಂಜಿನ್ನಿನ ಸಾಮಾನ್ಯ ಕೋಡ್‌ಗಳ ಮಟ್ಟಿಗೆ ಮಾತ್ರ ನಿಜ.

ಯಾಕೆ ಅಂತ ಹೇಳುತ್ತೇನೆ. ಕೋಡ್‌ನ ಮೊದಲ ಅಕ್ಷರ ನೋಡಿ. ಪಿ ಅಂದರೆ ಇಂಜಿನ್, ಗೇರ್‌ಬಾಕ್ಸ್. ಸಿ ಅಂದರೆ ಚಾಸಿ, ಎಬಿಎಸ್ ಅದರಲ್ಲೇ ಬರುತ್ತದೆ. ಬಿ ಅಂದರೆ ಬಾಡಿ, ಏರ್‌ಬ್ಯಾಗ್ ಅಲ್ಲಿ. ಯು ಅಂದರೆ ಒಂದು ಕಂಟ್ರೋಲರ್ ಇನ್ನೊಂದರ ಜತೆ ಮಾತಾಡುವುದರಲ್ಲಿ ಎಡವಟ್ಟು. ಪಿ ಆದ ಮೇಲೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದೇ ಅರ್ಥ. ನಿಯಮ ಹೇರಿದ್ದು ಹೊಗೆ ಕಡಿಮೆ ಮಾಡಲು. ಹಾಗಾಗಿ ಹೊಗೆಗೆ ಸಂಬಂಧಪಟ್ಟಿದ್ದನ್ನು ಎಲ್ಲರೂ ಒಂದೇ ಭಾಷೆಯಲ್ಲಿ ತೆರೆದಿಡಬೇಕು. ಉಳಿದಿದ್ದನ್ನು ಅವರವರ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ.

ಮೂರನೆಯ ದರ್ಜೆ ಬೇರೆಯೇ. ಅವು ಓದುವುದಷ್ಟೇ ಅಲ್ಲ, ಕಾರಿಗೆ ಹೇಳಿ ಕೆಲಸ ಮಾಡಿಸುತ್ತವೆ. ಫ್ಯಾನ್ ಓಡಿಸು, ಇಂಜೆಕ್ಟರ್ ನಿಲ್ಲಿಸು, ಎಬಿಎಸ್ ಪಂಪ್ ತಿರುಗಿಸಿ ಬ್ರೇಕಿನ ಗಾಳಿ ತೆಗೆ, ಹೊಸ ಇಂಜೆಕ್ಟರ್‌ನ ಕೋಡ್ ಬರೆ. ಇವು ಟ್ಯಾಬ್ಲೆಟ್ ರೂಪದಲ್ಲಿ ಬರುತ್ತವೆ, ಹತ್ತಾರು ಸಾವಿರ ಬೇಕು. ನಿಮ್ಮ ಕೆಲಸಕ್ಕೆ ಸದ್ಯ ಬೇಡ.

ಮೊದಲು ಯಾರದಾದರೂ ಡಾಂಗಲ್ ಒಂದು ದಿನ ಕಡ ತಂದು ಕೋಡ್ ನೋಡಿ ಇಲ್ಲಿ ಹಾಕಿ. ಒಂದೇ ಮಾತು, ಓದಿ ಆದ ಮೇಲೆ ಅಳಿಸಬೇಡಿ.

ಬಾಣೇರ್ ಬಾನೆಟ್

ಹಡಪ್ಸರ್ ಹುಡುಗ ಅವರಿಗೆ ಒಂದು ಮಾತು. ನಿಮಗೆ ಸಿಕ್ಕಿದ ಪೀಸ್ ಒಳ್ಳೆಯದೇ ಇರಬಹುದು. ಆದರೆ ಎಲ್ಲರಿಗೂ ಅದನ್ನೇ ಹೇಳಬೇಡಿ. ಇಂಥ ಡಾಂಗಲ್‌ಗಳ ಒಳಗಿನ ಇಎಲ್‌ಎಂ327 ಅನ್ನುವುದು ಮೂಲದಲ್ಲಿ ಕೆನಡಾದ ಒಂದು ಕಂಪನಿಯ ಚಿಪ್. ಮಾರುಕಟ್ಟೆಯಲ್ಲಿ ಕಡಿಮೆಗೆ ಸಿಗುವುದು ಅದರ ನಕಲು. ಆವೃತ್ತಿ 2.1 ಅಂತ ಬರೆದಿದ್ದನ್ನು ನೋಡಿ ಹೊಸದು ಅಂತ ಜನ ಕೊಳ್ಳುತ್ತಾರೆ. ಆ ಹೆಸರಿನಲ್ಲಿ ಬರುವ ಎಷ್ಟೋ ನಕಲುಗಳಲ್ಲಿ ಅರ್ಧ ಆಜ್ಞೆಗಳೇ ಇರುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನನ್ನದು 2011ರ ಕಾರು, ಅದು ಕೆ ಲೈನ್ ಅನ್ನುವ ಹಳೆಯ ಬಗೆಯ ತಂತಿಯ ಮೇಲೆ ಮಾತಾಡುತ್ತದೆ, ಅಂದರೆ ಸಾಕೆಟ್‌ನ 7ನೇ ಪಿನ್. ಹೊಸ ಕಾರುಗಳು 6 ಮತ್ತು 14ನೇ ಪಿನ್ನಿನ ಕ್ಯಾನ್ ಅನ್ನುವ ಜಾಲದ ಮೇಲೆ ಮಾತಾಡುತ್ತವೆ. ನಾನು ತಂದ ಅಗ್ಗದ ಡಾಂಗಲ್‌ಗೆ ಕ್ಯಾನ್ ಮಾತ್ರ ಬರುತ್ತಿತ್ತು. ಹೆಂಡತಿಯ ಅಣ್ಣನ ಕಾರಿಗೆ ಸರಿಯಾಗಿ ಸಿಗುತ್ತಿತ್ತು, ನನ್ನದಕ್ಕೆ ಇಲ್ಲ. ನನ್ನ ಕಾರಿನ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಹೋಗಿದೆ ಅಂದುಕೊಂಡು ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಇನ್ನೊಂದು ವಿಷಯ. 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟ್ ನೇರವಾಗಿ ಬರುತ್ತದೆ. ಕೀ ತೆಗೆದರೂ ಡಾಂಗಲ್ ಎಚ್ಚರವಾಗಿಯೇ ಇರುತ್ತದೆ. ಮಲಗುವ ವ್ಯವಸ್ಥೆ ಇಲ್ಲದ ಡಾಂಗಲ್ ಚುಚ್ಚಿಟ್ಟು ಎರಡು ವಾರ ಊರಿಗೆ ಹೋದರೆ ಬ್ಯಾಟರಿ ಇಳಿದಿರುತ್ತದೆ. ಜತೆಗೆ 1234 ಅಂತ ಪಿನ್ ಇರುವ ಡಾಂಗಲ್‌ಗೆ ಪಕ್ಕದಲ್ಲಿ ನಿಂತ ಯಾರು ಬೇಕಾದರೂ ಸೇರಿಕೊಳ್ಳಬಹುದು. ಕೆಲಸ ಮುಗಿದ ತಕ್ಷಣ ಕಿತ್ತು ಗ್ಲೋವ್‌ಬಾಕ್ಸ್‌ನಲ್ಲಿ ಇಡಿ.

ಹಡಪ್ಸರ್ ಹುಡುಗ

ಇದು ಗೊತ್ತಿರಲಿಲ್ಲ. ನನ್ನದು ವರ್ಷವಿಡೀ ಚುಚ್ಚೇ ಇರುತ್ತದೆ. ಇವತ್ತೇ ತೆಗೆಯುತ್ತೇನೆ. ವಾಕಡ್ ವಾಸಿ ಅವರೇ, ನನ್ನ ಹತ್ತಿರ ಹಳೆಯ ಆಂಡ್ರಾಯ್ಡ್ ಫೋನ್ ಇದೆ. ಡಾಂಗಲ್, ಫೋನ್ ಎರಡೂ ಕೊಡುತ್ತೇನೆ, ಶನಿವಾರ ಹಿಂಜವಡಿ ಕಡೆ ಬರುವುದಿದೆ.

ವಾಕಡ್ ವಾಸಿ

ಹಡಪ್ಸರ್ ಹುಡುಗ ಸ್ವತಃ ಬಂದು ಕೊಟ್ಟು ಹೋದರು. ತುಂಬಾ ದೊಡ್ಡ ಉಪಕಾರ.

ಕೋಡ್: ಪಿ0171. ‘ಸಿಸ್ಟಮ್ ಟೂ ಲೀನ್, ಬ್ಯಾಂಕ್ 1’ ಅಂತ ತೋರಿಸುತ್ತಿದೆ. ಅಳಿಸಿಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ ಅಲ್ವಾ? ಹಾಗಾದರೆ ಆಕ್ಸಿಜನ್ ಸೆನ್ಸರ್ ಹೊಸದಾಗಿ ಹಾಕಿದ ಮೇಲೂ ಯಾಕೆ?

ಚಿಂಚವಡ ಸ್ಪ್ಯಾನರ್

ಸುದ್ದಿ ತಂದವನನ್ನು ಬದಲಿಸಿದ್ದಾರೆ, ಸುದ್ದಿ ಬದಲಾಗಲಿಲ್ಲ. ಹೊಗೆಯಲ್ಲಿ ಆಮ್ಲಜನಕ ಉಳಿದಿದೆ ಅಂತ ಆ ಸೆನ್ಸರ್ ಹೇಳಿತು. ಅದು ನಿಜವನ್ನೇ ಹೇಳುತ್ತಿತ್ತು.

ಈಗ ಕೋಡ್ ಬಿಡಿ, ಅಂಕಿ ನೋಡೋಣ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಕೂಲೆಂಟ್ 85 ಡಿಗ್ರಿ ದಾಟಲಿ. ಎಸಿ ಆಫ್. ಆಪ್‌ನಲ್ಲಿ ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎರಡನ್ನೂ ಪರದೆಗೆ ತಂದುಕೊಳ್ಳಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ ಎಷ್ಟು, 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದಾಗ ಎಷ್ಟು ಅಂತ ಬರೆದುಕೊಳ್ಳಿ. ನಿಂತ ಕಾರಿನಲ್ಲೇ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ ಮಾಡಿ. ಬೇಸ್‌ಮೆಂಟ್‌ನಲ್ಲಿ ಬೇಡ, ಬಯಲಿಗೆ ತನ್ನಿ.

ಇನ್ನೆರಡು ಬೇಕು. ‘ಫ್ರೀಜ್ ಫ್ರೇಮ್’ ಅಂತ ಒಂದು ಪುಟ ಇರುತ್ತದೆ. ಲೈಟ್ ಹತ್ತಿದ ಕ್ಷಣದ ವೇಗ, ಆರ್‌ಪಿಎಂ, ಬಿಸಿ ಎಲ್ಲ ಅಲ್ಲಿ ಫೋಟೋ ತೆಗೆದಂತೆ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಅದಕ್ಕೇ ಅಳಿಸಬೇಡಿ ಅಂದಿದ್ದು. ಆಮೇಲೆ ಇಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್‌ನ ಅಂಕಿ ಬರುತ್ತದಾ ನೋಡಿ, ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಇರುತ್ತದೆ.

ವಾಕಡ್ ವಾಸಿ

ಭಾನುವಾರ ಬೆಳಿಗ್ಗೆ ಮಾಡಿದೆ.

ಐಡಲ್: ಲಾಂಗ್ ಟರ್ಮ್ +19, ಶಾರ್ಟ್ ಟರ್ಮ್ +4ರಿಂದ +6.
2500 ಆರ್‌ಪಿಎಂ: ಲಾಂಗ್ ಟರ್ಮ್ +5, ಶಾರ್ಟ್ ಟರ್ಮ್ 0ಯಿಂದ +2.
ಫ್ರೀಜ್ ಫ್ರೇಮ್: ವೇಗ 0, ಆರ್‌ಪಿಎಂ 760, ಕೂಲೆಂಟ್ 91.
ಎಂಎಎಫ್ ಬರುತ್ತಿದೆ. ಏರ್ ಫಿಲ್ಟರ್ ಡಬ್ಬಿಯ ಬಾಯಿಯಲ್ಲೇ ಸೆನ್ಸರ್ ಕಾಣುತ್ತದೆ.

ಅಂಕಿಗಳು ಹೀಗೆ ಬದಲಾಗುವುದನ್ನು ನೋಡುತ್ತಾ ಅರ್ಧ ಗಂಟೆ ಹೋಗಿದ್ದೇ ತಿಳಿಯಲಿಲ್ಲ. ಇಂಜಿನ್ ಜತೆ ಮಾತಾಡಿದ ಹಾಗಾಯಿತು.

ಚಿಂಚವಡ ಸ್ಪ್ಯಾನರ್

ಚೆನ್ನಾಗಿ ಬರೆದಿದ್ದೀರಿ. ವರ್ಕ್‌ಶಾಪಿಗೆ ಬರುವ ಹುಡುಗರಿಗೆ ನಾನು ಹೇಳಿಕೊಡುತ್ತಿದ್ದುದೂ ಇಷ್ಟೇ.

ಟ್ರಿಮ್ ಅಂದರೆ ಇಸಿಯು ತನ್ನ ಲೆಕ್ಕಕ್ಕೆ ತಾನೇ ಮಾಡಿಕೊಳ್ಳುವ ತಿದ್ದುಪಡಿ. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಅದು ಕಲಿತು ನೆನಪಿಟ್ಟುಕೊಂಡಿದ್ದು. ಪ್ಲಸ್ ಅಂದರೆ ಪೆಟ್ರೋಲ್ ಹೆಚ್ಚು ಹಾಕುತ್ತಿದೆ, ಮೈನಸ್ ಅಂದರೆ ಕಡಿಮೆ ಮಾಡುತ್ತಿದೆ. ಎರಡನ್ನೂ ಕೂಡಿಸಿದಾಗ ಪ್ಲಸ್ 10, ಮೈನಸ್ 10ರ ಒಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು ಐಡಲ್‌ನಲ್ಲಿ 24ರ ಹತ್ತಿರ, 2500ರಲ್ಲಿ ಬರೀ 6. ಇಲ್ಲೇ ಉತ್ತರ ಇದೆ.

ಎಲ್ಲೋ ಒಂದು ತೂತಿನಿಂದ ಎಂಎಎಫ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ಐಡಲ್‌ನಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಆ ಸ್ವಲ್ಪದಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಒಟ್ಟು ಗಾಳಿ ಹೆಚ್ಚುತ್ತದೆ, ತೂತು ಅಷ್ಟೇ ಇರುತ್ತದೆ, ಪಾಲು ಚಿಕ್ಕದಾಗುತ್ತದೆ. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ತಿರುಗುಮುರುಗು ಆಗುತ್ತಿತ್ತು, ಆರ್‌ಪಿಎಂ ಏರಿದಷ್ಟೂ ಪ್ಲಸ್ ಏರುತ್ತಿತ್ತು.

ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಎಂಎಎಫ್ ಇಲ್ಲದೆ, ಇಂಜಿನ್‌ಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡ್‌ನ ಒತ್ತಡದಿಂದ, ಅಂದರೆ ಎಂಎಪಿ ಸೆನ್ಸರ್‌ನಿಂದ ಲೆಕ್ಕ ಹಾಕುವ ಕಾರುಗಳೂ ಬಹಳ ಇವೆ. ಅಲ್ಲಿ ಒಳಗೆ ನುಗ್ಗಿದ ಗಾಳಿಯಿಂದ ಒತ್ತಡವೂ ಏರುತ್ತದೆ, ಇಸಿಯು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂಥ ಕಾರಿನಲ್ಲಿ ಸೋರಿಕೆ ಇದ್ದರೆ ಐಡಲ್ ಆರ್‌ಪಿಎಂ ಏರಿ ಕಾಣಬಹುದು, ಟ್ರಿಮ್ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಅದಕ್ಕೇ ಎಂಎಎಫ್ ಕೇಳಿದ್ದು.

ಈಗ ಹುಡುಕುವ ಕೆಲಸ. ಕೆಲವರು ಕಾರ್ಬ್ ಕ್ಲೀನರ್ ಚಿಮುಕಿಸಿ ನೋಡುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದಕ್ಕೆ ಬೆಂಕಿ ಹತ್ತಬಹುದು, ಮನೆಯಲ್ಲಿ ಬೇಡ. ಬದಲಿಗೆ ಇಂಜಿನ್ ಐಡಲ್‌ನಲ್ಲಿರಲಿ. ಮ್ಯಾನಿಫೋಲ್ಡ್‌ಗೆ ಸೇರುವ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಪ್ಲಯರ್‌ನಿಂದ ಮೆಲ್ಲಗೆ ಅದುಮಿ. ಮ್ಯಾನಿಫೋಲ್ಡ್‌ಗೆ ಆದಷ್ಟು ಹತ್ತಿರ ಅದುಮಬೇಕು, ಇಲ್ಲವಾದರೆ ತೂತು ಪ್ಲಯರ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಉಳಿದುಬಿಡುತ್ತದೆ. ಕಣ್ಣು ಶಾರ್ಟ್ ಟರ್ಮ್ ಮೇಲಿರಲಿ. ಯಾವ ಹೋಸ್ ಅದುಮಿದಾಗ ಅಂಕಿ ಸರ್ರನೆ ಕೆಳಗಿಳಿಯುತ್ತದೋ ಅದೇ. ಇಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಹೋಸ್‌ನಿಂದ ಶುರು ಮಾಡಿ. ಫ್ಯಾನ್, ಬೆಲ್ಟ್ ಹತ್ತಿರ ಕೈ, ತೋಳು ಜೋಪಾನ.

ಕಾತ್ರಜ್ ಘಾಟ್

ಮಳೆಗಾಲದಲ್ಲಿ ಲೈಟ್ ಹತ್ತಿದ್ದು ಅಂದಿರಿ. ಇಲಿ ನೋಡಿ ಮೊದಲು! ನಮ್ಮ ಸೊಸೈಟಿಯಲ್ಲಿ ಆರು ಕಾರುಗಳ ವೈರ್ ಕಡಿದಿವೆ.

ಮುಲುಂಡ್ ಮೈಲಿಗಲ್ಲು

ನಿಮ್ಮ ಪೆಟ್ರೋಲ್ ಕಾರಿನ ಮಾತು ನಡೆದಿದೆ. ಅಷ್ಟರಲ್ಲಿ ಆ 2021ರ ಡೀಸೆಲ್ ಬಗ್ಗೆ ನಾನು ಬರೆಯುತ್ತೇನೆ. ಸ್ಕ್ಯಾನರ್‌ನ ನಿಜವಾದ ಉಪಯೋಗ ನನಗೆ ತಿಳಿದಿದ್ದು ಬಿಎಸ್6 ಡೀಸೆಲ್‌ನಿಂದಲೇ.

ನಾನು ದಿನಾ ಮುಲುಂಡ್‌ನಿಂದ ಪೊವಾಯಿಗೆ ಹೋಗಿ ಬರುತ್ತೇನೆ. ಹತ್ತು ಹನ್ನೆರಡು ಕಿಲೋಮೀಟರ್, ಪೂರ್ತಿ ಟ್ರಾಫಿಕ್. ಈ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಇಂಜಿನ್ ತಾನೇ ಹೆಚ್ಚು ಡೀಸೆಲ್ ಚುಚ್ಚಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಅದು ನಡೆಯುತ್ತಿರುವುದು ಗೊತ್ತಾಗದೆ ನಾವು ಆಫೀಸ್ ಬಂತು ಅಂತ ಇಂಜಿನ್ ಆರಿಸುತ್ತೇವೆ. ಹೀಗೆ ಪದೇ ಪದೇ ಅರ್ಧಕ್ಕೆ ನಿಂತರೆ ಮಸಿ ಕಟ್ಟುತ್ತದೆ. ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೆ ಅದಕ್ಕೇ.

ಕಾರ್ ಸ್ಕ್ಯಾನರ್ ಆಪ್‌ನಲ್ಲಿ ನಮ್ಮ ಕಾರಿನ ಪ್ರೊಫೈಲ್ ಆರಿಸಿಕೊಂಡ ಮೇಲೆ ಮಸಿಯ ಪ್ರಮಾಣ, ಫಿಲ್ಟರ್‌ನ ಬಿಸಿ ಎರಡೂ ನನಗೆ ಕಾಣುತ್ತವೆ. ಎಲ್ಲ ಡೀಸೆಲ್‌ಗೂ ಇದು ಸಿಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ ಆ ಆಪ್‌ನ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಬಿಸಿ ಏರುತ್ತಿದ್ದರೆ ರೀಜನ್ ನಡೆದಿದೆ ಅಂತ ತಿಳಿದು ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಥಾಣೆ ಕಡೆ ಹೋಗಿ ಬರುತ್ತೇನೆ. ಹೀಗೆ ಮಾಡಲು ಶುರು ಮಾಡಿದ ಮೇಲೆ ಎಚ್ಚರಿಕೆಯ ಲೈಟ್ ಬಂದಿಲ್ಲ. ಅಂದಹಾಗೆ ಓಡಿಸುತ್ತಾ ಫೋನ್ ನೋಡಬೇಡಿ. ನಾನು ಬಿಸಿಗೆ ಒಂದು ಸದ್ದಿನ ಅಲಾರಂ ಇಟ್ಟಿದ್ದೇನೆ.

ನಿಮ್ಮ ಹೆಂಡತಿ ಬರೀ ಊರೊಳಗೆ ಓಡಿಸುತ್ತಾರಾ? ಹಾಗಿದ್ದರೆ ತಿಂಗಳಿಗೆ ಒಂದೆರಡು ಸಲ ಖಂಬಾಟ್ಕಿ ಘಾಟ್‌ವರೆಗೆ ಹೋಗಿ ಬನ್ನಿ.

ಹಡಪ್ಸರ್ ಹುಡುಗ

ರೀಜನ್ ಅನ್ನು ನಾವೇ ಒತ್ತಿ ಮಾಡಿಸುವ ಸ್ಕ್ಯಾನರ್ ಇದೆಯಂತಲ್ಲ?

ಮುಲುಂಡ್ ಮೈಲಿಗಲ್ಲು

ಇದೆ, ಸ್ಪ್ಯಾನರ್ ಅವರು ಹೇಳಿದ ಮೂರನೆಯ ದರ್ಜೆಯದು. ಆದರೆ ನಿಂತ ಕಾರಿನಲ್ಲಿ ಮಾಡಿದಾಗ ಸೈಲೆನ್ಸರ್ ಕೆಳಗಿನ ಒಣ ಎಲೆ, ಪ್ಲಾಸ್ಟಿಕ್ ಹೊತ್ತಿಕೊಳ್ಳುವಷ್ಟು ಬಿಸಿ ಇರುತ್ತದೆ. ಸೊಸೈಟಿಯ ಬೇಸ್‌ಮೆಂಟ್‌ನಲ್ಲಂತೂ ಯೋಚನೆಯೂ ಬೇಡ. ಮಸಿ ಮಿತಿ ಮೀರಿದ್ದರೆ ಯಂತ್ರವೇ ಒಪ್ಪುವುದಿಲ್ಲ. ಅದು ವರ್ಕ್‌ಶಾಪಿನ ಕೆಲಸ.

ಬಾಣೇರ್ ಬಾನೆಟ್

ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವವರಿಗೂ ಒಂದು ಮಾತು. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವ ಮೊದಲು ಕ್ಯಾಲಿಪರ್‌ನ ಮೋಟಾರನ್ನು ಸ್ಕ್ಯಾನರ್‌ನಿಂದಲೋ ಕಾರಿನದೇ ಸರ್ವಿಸ್ ಮೋಡ್‌ನಿಂದಲೋ ಹಿಂದಕ್ಕೆ ತರಬೇಕು. ಸಿ ಕ್ಲಾಂಪ್ ಹಾಕಿ ಒತ್ತಿದರೆ ಒಳಗಿನ ಮೋಟಾರ್, ಗೇರ್ ಹಾಳಾಗುತ್ತದೆ.

ಒಂದೇ ಕಂಪನಿಯ ಕಾರು ಇಟ್ಟುಕೊಂಡವರು ಆ ಕಂಪನಿಗೆಂದೇ ಇರುವ ಸಾಫ್ಟ್‌ವೇರ್ ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ವಿಸಿಡಿಎಸ್, ಓಬಿಡಿಇಲೆವೆನ್ ಇವೆ. ಫೋರ್ಡ್‌ಗೆ ಫೋರ್‌ಸ್ಕ್ಯಾನ್ ಇದೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ನನ್ನ ಮೂವರು ಗೆಳೆಯರು ಅದನ್ನೇ ನಂಬಿ ಕಾರು ಇಟ್ಟುಕೊಂಡಿದ್ದಾರೆ. ಸ್ಟಿಯರಿಂಗ್ ಕೋನದ ಸೆನ್ಸರ್ ಸೊನ್ನೆಗೆ ತರುವುದು, ಎಬಿಎಸ್ ಓದುವುದು, ಎಲ್ಲ ಮನೆಯಲ್ಲೇ. ಡಾಂಗಲ್ ಮಾತ್ರ ಫೋರ್ಡ್‌ನ ಎರಡನೇ ಕ್ಯಾನ್ ಜಾಲವನ್ನೂ ಓದುವಂಥದ್ದು ಇರಬೇಕು, ಅದಕ್ಕೆ ಎಂಎಸ್ ಕ್ಯಾನ್ ಅನ್ನುತ್ತಾರೆ.

ಕಾತ್ರಜ್ ಘಾಟ್

ಸೊಸೈಟಿಯ ಏಳು ಮನೆಯವರು ಸೇರಿ ಒಂದು ದೊಡ್ಡ ಟ್ಯಾಬ್ಲೆಟ್ ಕೊಳ್ಳೋಣ ಅಂತಿದ್ದೇವೆ. ಒಬ್ಬೊಬ್ಬರಿಗೆ ಆರೇಳು ಸಾವಿರ. ಯಾರಾದರೂ ಹೀಗೆ ಮಾಡಿದ್ದೀರಾ?

ಚಿಂಚವಡ ಸ್ಪ್ಯಾನರ್

ನಾವು ಮಾಡಿದ್ದೆವು, ಐದು ಜನ. ಯಂತ್ರ ಚೆನ್ನಾಗಿತ್ತು. ಕಷ್ಟ ಬಂದಿದ್ದು ಎರಡನೇ ವರ್ಷ. ಇಂಥ ಟ್ಯಾಬ್ಲೆಟ್‌ಗಳಿಗೆ ಸಾಫ್ಟ್‌ವೇರ್ ನವೀಕರಣಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಹಳೆಯ ಕಾರಿನವರು ನಮಗೆ ಬೇಡ ಅಂದರು, ಹೊಸ ಕಾರು ತಂದವರು ಬೇಕೇ ಬೇಕು ಅಂದರು. ಎರಡೂ ಕಡೆ ನ್ಯಾಯ ಇತ್ತು. ಕೊಳ್ಳುವ ಮೊದಲೇ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಯಾರ ಮನೆಯಲ್ಲಿ ಇರುತ್ತದೆ, ನವೀಕರಣಕ್ಕೆ ಯಾರು ಎಷ್ಟು ಕೊಡುತ್ತಾರೆ, ಮನೆ ಬಿಟ್ಟು ಹೋಗುವವರ ಪಾಲು ಏನಾಗುತ್ತದೆ, ಕೋಡಿಂಗ್, ಅಂದರೆ ಕಾರಿನ ಕಂಟ್ರೋಲರ್‌ಗೆ ಬರೆಯುವ ಕೆಲಸ, ಮಾಡಲು ಯಾರಿಗೆ ಬಿಡುತ್ತೀರಿ. ಕೊನೆಯದು ತುಂಬಾ ಮುಖ್ಯ. ಓದುವುದರಿಂದ ಕಾರಿಗೆ ಏನೂ ಆಗುವುದಿಲ್ಲ. ಬರೆಯುವಾಗ ಅರ್ಧಕ್ಕೆ ಬ್ಯಾಟರಿ ಇಳಿದರೆ ಕಂಟ್ರೋಲರ್ ಕೆಟ್ಟುಹೋಗಬಹುದು. ಚಾರ್ಜರ್ ಹಾಕಿಕೊಂಡೇ ಮಾಡಬೇಕು.

ಪೌಡ್ ರಸ್ತೆ

ಬ್ಯಾಟರಿ ಅಂದಾಗ ನೆನಪಾಯಿತು. ಸ್ಕ್ಯಾನರ್ ಜತೆ ಒಂದು ಮಲ್ಟಿಮೀಟರ್ ಇರಲೇಬೇಕು. ನಮ್ಮ ಅತ್ತೆಯವರ ಕಾರಿನಲ್ಲಿ ಒಂದೇ ಸಲಕ್ಕೆ ಒಂಬತ್ತು ಕೋಡ್ ಬಂದವು, ಅದರಲ್ಲಿ ಐದು ಯು ಕೋಡ್. ಅವರು ಹೆದರಿ ಕಾರೇ ಮಾರೋಣ ಅಂದರು. ನೋಡಿದರೆ ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬ್ಯಾಟರಿ 11.8 ವೋಲ್ಟ್, ಸ್ಟಾರ್ಟ್ ಮಾಡುವಾಗ 8ಕ್ಕೆ ಇಳಿಯುತ್ತಿತ್ತು. ಒಳ್ಳೆಯ ಬ್ಯಾಟರಿ ನಿಂತಾಗ 12.6ರ ಹತ್ತಿರ ಇರಬೇಕು, ಇಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.4 ಸಿಗಬೇಕು. ಹೊಸ ಬ್ಯಾಟರಿ ಹಾಕಿ ಕೋಡ್ ಅಳಿಸಿದೆವು. ಒಂದೂ ವಾಪಸ್ ಬರಲಿಲ್ಲ. ಮೀಟರ್ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಕೊಂಡಿದ್ದು, 850 ರೂಪಾಯಿ.

ವಾಕಡ್ ವಾಸಿ

ಸಿಕ್ಕಿತು! ಸಿಕ್ಕಿತು!

ಪಿಸಿವಿ ಹೋಸ್ ಅದುಮಿದ ಕೂಡಲೇ ಶಾರ್ಟ್ ಟರ್ಮ್ +5ರಿಂದ −14ಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಮೇಲೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಮೇಲಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ತಿರುಗಿಸಿದರೆ ಕೆಳಭಾಗದಲ್ಲಿ ಹಲ್ಲಿನ ಗುರುತು, ಕಡಲೆಕಾಳು ತೂರುವಷ್ಟು ತೂತು. ಕಾತ್ರಜ್ ಘಾಟ್ ಅವರು ಹೇಳಿದ್ದೇ ನಿಜ. ಇಲಿ.

ನಾನಾ ಪೇಟೆಯಲ್ಲಿ ಎರಡು ಅಂಗಡಿ ತಿರುಗಿದ ಮೇಲೆ ಹೋಸ್ ಸಿಕ್ಕಿತು, 340 ರೂಪಾಯಿ. ಇಪ್ಪತ್ತು ನಿಮಿಷದ ಕೆಲಸ. ಹಾಕಿದ ಮೇಲೆ ಶಾರ್ಟ್ ಟರ್ಮ್ −15ರಲ್ಲೇ ನಿಂತಿತ್ತು. ಸ್ವಲ್ಪ ಗಾಬರಿಯಾಯಿತು. ಇದು ಸರಿಯೇ?

ಚಿಂಚವಡ ಸ್ಪ್ಯಾನರ್

ಸರಿಯೇ. ಲಾಂಗ್ ಟರ್ಮ್‌ನಲ್ಲಿ ಹಳೆಯ +19 ಇನ್ನೂ ಕೂತಿದೆ, ಶಾರ್ಟ್ ಟರ್ಮ್ ಅದನ್ನು ಕಳೆಯುತ್ತಿದೆ. ಈಗ ಕೋಡ್ ಅಳಿಸಬಹುದು. ಎರಡು ದಿನ ಓಡಿಸಿ ಮತ್ತೆ ನೋಡಿ.

ವಾಕಡ್ ವಾಸಿ

ಎರಡು ದಿನ ಅಲ್ಲ, ಧಾರವಾಡಕ್ಕೇ ಹೋಗಿ ಬಂದೆ. ಐಡಲ್‌ನಲ್ಲಿ ಲಾಂಗ್ ಟರ್ಮ್ +2. ಶಾರ್ಟ್ ಟರ್ಮ್ ಸೊನ್ನೆಯ ಸುತ್ತ ಆಡುತ್ತಿದೆ. ಲೈಟ್ ಇಲ್ಲ. ಬರುವಾಗ ಕರಾಡ್‌ನಲ್ಲಿ ಚಹಾಕ್ಕೆ ನಿಲ್ಲಿಸಿ ಒಮ್ಮೆ ಚುಚ್ಚಿ ನೋಡಿದೆ, ಅಲ್ಲೂ ಶುದ್ಧ.

ಕೊನೆಗೆ ಕೊಂಡಿದ್ದು ಇಷ್ಟು: ಬಿಎಲ್‌ಇ ಇರುವ ಡಾಂಗಲ್ 2,900 ರೂಪಾಯಿ, ಆಪ್‌ನ ಪೂರ್ತಿ ಆವೃತ್ತಿ, ಮಲ್ಟಿಮೀಟರ್. 5 ಸಾವಿರದೊಳಗೇ ಮುಗಿಯಿತು. ಡೀಸೆಲ್ ಕಾರಿಗೂ ಅದೇ ಡಾಂಗಲ್ ಹಾಕಿ ನೋಡಿದೆ. ಮಸಿಯ ಪ್ರಮಾಣ ಬರುತ್ತಿಲ್ಲ, ಫಿಲ್ಟರ್‌ನ ಬಿಸಿ ಬರುತ್ತಿದೆ. ಮುಲುಂಡ್ ಮೈಲಿಗಲ್ಲು ಅವರ ಅಲಾರಂ ಉಪಾಯ ಹೆಂಡತಿಗೆ ತುಂಬಾ ಇಷ್ಟವಾಯಿತು. ಪಾರ್ಕಿಂಗ್‌ನಲ್ಲಿ ಇಲಿ ಬೋನು ಇಟ್ಟಿದ್ದೇನೆ. ಬಾನೆಟ್ ಒಳಗೆ ಎರಡು ದಿನಕ್ಕೊಮ್ಮೆ ಟಾರ್ಚ್ ಹಾಕಿ ನೋಡುತ್ತೇನೆ.

ಹಡಪ್ಸರ್ ಹುಡುಗ ಅವರೇ, ನಿಮ್ಮ ಡಾಂಗಲ್, ಫೋನ್ ಎರಡೂ ಚಾರ್ಜ್ ಮಾಡಿ ಇಟ್ಟಿದ್ದೇನೆ. ಜತೆಗೆ ಧಾರವಾಡ ಪೇಢಾ ಇದೆ.

ಕಾತ್ರಜ್ ಘಾಟ್

ನನ್ನ ಕಾರಿಗೆ ಪಿ0420 ಬಂದಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಅಂತ ಒಂದು ಕಡೆ ದೊಡ್ಡ ಮೊತ್ತ ಹೇಳಿದ್ದಾರೆ.

ಚಿಂಚವಡ ಸ್ಪ್ಯಾನರ್

ಒಪ್ಪಿಕೊಳ್ಳಬೇಡಿ, ಇನ್ನೂ. ಅಳಿಸಲೂ ಬೇಡಿ. ಮೊದಲು ಎರಡು ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ಬೇಕು, ಕನ್ವರ್ಟರ್‌ಗೆ ಮುಂಚಿನದು, ನಂತರದ್ದು. ಬಿಸಿ ಇಂಜಿನ್, 2500 ಆರ್‌ಪಿಎಂ. ಸೈಲೆನ್ಸರ್ ಜೋಡಣೆಯಲ್ಲಿ ಸೋರಿಕೆ ಇದೆಯಾ ಅದನ್ನೂ ನೋಡಬೇಕು.

ವಾಕಡ್ ವಾಸಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಗೇಟಿನ ಹತ್ತಿರ ಬನ್ನಿ, ನನ್ನ ಡಾಂಗಲ್ ಹಾಕಿ ನೋಡೋಣ. ಕಾತ್ರಜ್‌ನಿಂದ ಇಲ್ಲಿಗೆ ಬರುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತದೆ.